ಯಾವ ಬೆಡಗು?

ಬೆಳಿಗ್ಗೆ ದುರ್ಗದಲ್ಲಿ, ಬೆಟ್ಟದ ಬುಡದ ಹಳೇ ಗೋರಿಗಳ ನಡುವೆ
ಸೀತಾಫಲದ ಗಿಡ ಸರಿಸಿ ಒಂದು ಕಲ್ಲು ತೊಳೆದೆವು,
ನನ್ನ ಬಾಟಲಿಯ ನೀರು, ಅವಳ ಹಲ್ಲುಜ್ಜುವ ಬ್ರಷ್ಷು.
ಮೊದಲು ಎದ್ದದ್ದು ಇಸವಿ, ಆಮೇಲೆ ಮೆಕ್ರೇ,
ಕೊನೆಗೆ ಜ್ವರ.
ಕಂಪನಿಯ ಸಿಪಾಯಿ. ಇಪ್ಪತ್ತಮೂರು ತುಂಬಿರಲಿಲ್ಲ.
ನನ್ನ ತಮ್ಮನ ವಯಸ್ಸು ಅಂದುಕೊಂಡೆ, ಹೇಳಲಿಲ್ಲ.

ಐಲೀ ಅಳಲಿಲ್ಲ. ಇವನಲ್ಲ, ಇವನಜ್ಜ, ಅಂದಳು,
ಇವನಜ್ಜ ನಮ್ಮ ಮನೆತನದ ಹೆಮ್ಮೆ:
ಲಂಡನ್ನಿನ ದೊರೆಗೆ ತಲೆಬಾಗದೆ ಕತ್ತಿ ಹಿಡಿದು
ಸ್ಕಾಟ್ಲೆಂಡಿನ ಬೆಟ್ಟಗಳಲ್ಲಿ ಒಂದು ಚಳಿಗಾಲ ಅಡಗಿದ್ದವನು.
ಬ್ಯಾಗಿನಿಂದ ಕಾಗದದ ಸುರುಳಿ ತೆಗೆದಳು. ಬಿಚ್ಚಿದರೆ
ಗೋರಿಯ ಮೇಲಿಂದ ಜಾರಿ ನನ್ನ ಚಪ್ಪಲಿ ಮುಟ್ಟಿತು ವಂಶ.
ನಾನು ದುಭಾಷಿ. ದಿನಕ್ಕೆ ಎರಡು ಸಾವಿರ, ಊಟ ಅವಳದು.

ಕಂಬಳಿ ನೇಯುವವರನ್ನು ನೋಡಬೇಕೆಂದಳು.
ಚಳ್ಳಕೆರೆಯ ಎಣ್ಣೆಮಿಲ್ಲಿನ ಘಾಟು ದಾಟಿ
ನಮ್ಮ ಹಟ್ಟಿಗೇ ಕರೆದೊಯ್ದೆ.
ಹುಣಸೆಬೀಜದ ಸರಿ ಬಳಿದ ಹಾಸು ಬಿಸಿಲಿಗೆ ಬಿಗಿದಿತ್ತು.
ಪಕ್ಕದಲ್ಲಿ ಕದಿರು ತಿರುವುತ್ತಿದ್ದ ಸಣ್ಣಮಾಳಜ್ಜಿ
ಬಂದವಳ ಹೆಸರು ಕೇಳಲಿಲ್ಲ:
"ಯಾವ ಬೆಡಗಂತೆ?"

ಇಂಗ್ಲಿಷಿನಲ್ಲಿ ಕೇಳಿದೆ. ಕಣ್ಣು ಹೊಳೆದು, ಐಲೀ
ಕೊರಳ ಚೌಕಳಿ ಶಾಲು ಬಿಚ್ಚಿ ಅಜ್ಜಿಯ ತೊಡೆಗೆ ಹರವಿದಳು.
ಹಸಿರು, ನೀಲಿ, ನಡುವೆ ಒಂದೆಳೆ ಕೆಂಪು.
ಈ ಗೆರೆಯೇ ನಮ್ಮ ಬೆಡಗು. ದಂಗೆ ಮುರಿದ ಮೇಲೆ
ಮನೆ ಸುಟ್ಟರು, ಇದನ್ನು ಉಟ್ಟವರನ್ನು ಜೈಲಿಗೆ ಹಾಕಿದರು.
"ಬಟ್ಟೆಗೂ ಜೈಲಾ!" ಅಜ್ಜಿ ನಕ್ಕಳು,
ನಕ್ಕವಳು ಶಾಲಿನ ಎಳೆಯೊಂದನ್ನು ಉಗುರಲ್ಲಿ ಎತ್ತಿ ನೋಡಿ
"ಉಣ್ಣೆ ಚೆನ್ನಾಗೈತೆ" ಅಂದಳು.

ನನಗೂ ಒಬ್ಬ ಇದ್ದಾನಲ್ಲ, ಸುಮ್ಮನಿರಲಾಗಲಿಲ್ಲ.
ಮೂರು ವರ್ಷಕ್ಕೊಮ್ಮೆ ಎತ್ತಿನ ಮೇಲೆ ಕೂತು, ಗಂಟೆ ಬಾರಿಸುತ್ತ
ಬರುವ ಹೆಳವ ಬಾಯಿಂದಲೇ ಬಿಚ್ಚುವ ನಮ್ಮ ಸುರುಳಿಯಲ್ಲಿ
ಏಳು ತಲೆ ಹಿಂದೆ ಚಿಕ್ಕೀರಣ್ಣ:
ಕಂಪನಿ ಠಾಣ್ಯದ ಮೇಲೆ ಅಮಾವಾಸ್ಯೆ ರಾತ್ರಿ ಬಿದ್ದವನು,
ಬೇವಿನ ಕೊಂಬೆಯಲ್ಲಿ ತೂಗಿದವನು.
ಆಗಸ್ಟ್ ಹದಿನೈದಕ್ಕೆ ಶಾಲೆಯಲ್ಲಿ ಭಾಷಣ ಮಾಡಿ
ಅವನ ಹೆಸರಲ್ಲಿ ಸ್ಟೀಲ್ ಲೋಟ ಗೆದ್ದವಳು ನಾನು.

"ಪೂರ್ತಿ ಹೇಳೇ" ಅಂದಳು ಅಜ್ಜಿ.
"ನಾವು ಹೆಳವನಿಗೆ ಕಂಬಳಿ ಕೊಟ್ಟ ವರ್ಷ ಅವನು ದಂಗೆಕೋರ.
ಬರೀ ನವಣೆ ಕೊಟ್ಟ ವರ್ಷ ಕುರಿಗಳ್ಳ.
ಠಾಣ್ಯದಾಗೆ ಇದ್ದದ್ದು ಕುರಿ ಕಣವ್ವ, ಕಂಪನಿಯೋರ ಊಟದ ಕುರಿ."

ಇದನ್ನು ದಾಟಿಸುವಾಗ ನನ್ನ ಕಿವಿ ಬಿಸಿಯಾಗಿತ್ತು.
ಐಲೀ ಸುರುಳಿಯ ಒಂದು ಮಡಿಕೆಗೆ ಬೆರಳಿಟ್ಟಳು:
ಅಜ್ಜನ ಮೇಲಿನ ಕೋರ್ಟಿನ ಕಾಗದದಲ್ಲಿ ದೊರೆಯ ಹೆಸರಿಲ್ಲ,
ಹದಿನಾರು ದನ ಇವೆ.
ಇಬ್ಬರೂ ನಕ್ಕರು. ಆ ನಗುವಿಗೆ ದುಭಾಷಿ ಬೇಕಾಗಲಿಲ್ಲ.

ಆಮೇಲೆ ಅಜ್ಜಿ: "ಕೇಳು. ಅಜ್ಜನ ಮನೆ ಸುಟ್ಟೋರ ಅಂಗಿನೇ
ಮೊಮ್ಮಗ ತೊಟ್ಟು ಇಲ್ಲಿಗಂಟ ಯಾಕೆ ಬಂದ?"
ನಾನು ಕೇಳಿದ್ದು: ಚಹಾಕ್ಕೆ ಸಕ್ಕರೆ ಎಷ್ಟು?
"ನಾನಾಡಿದ್ದು ಅಷ್ಟು ಗಿಡ್ಡ ಇರಲಿಲ್ಲ" ಅಂದಳು
ಇಂಗ್ಲಿಷು ಬಾರದ ಅಜ್ಜಿ.

ಕೇಳಿದೆ.
ಐಲೀ ಬಹಳ ಹೊತ್ತು ಹಾಸಿನ ಕರಿ ಎಳೆಗಳನ್ನು ನೋಡಿದಳು.
ಅಲ್ಲಿ ಬೆಟ್ಟದ ಜನರನ್ನು ಒಕ್ಕಲೆಬ್ಬಿಸಿ
ಕುರಿ ಬಿಟ್ಟರು, ಅಂದಳು. ಜನಕ್ಕಿಂತ ಕುರಿಯಲ್ಲಿ ಲಾಭ ಜಾಸ್ತಿಯಿತ್ತು.
ಅವನಿಗೆ ಉಳಿದದ್ದು ಪಟಾಲಮ್ಮು.

ಅಜ್ಜಿಯ ಕೈಯಲ್ಲಿ ಕದಿರು ನಿಂತಿತು.
ಎಪ್ಪತ್ತು ವರ್ಷ ಕುರಿಯ ಹಿಂದೆ ನಡೆದವಳು
ರೊಪ್ಪದ ಕಡೆ ತಿರುಗಿ, ಮುಳ್ಳುಬೇಲಿಗೆ ಮೂತಿ ಇಟ್ಟ ಮರಿಯೊಂದನ್ನು
ಯಾರ ಮನೆಯ ಮಗುವೇ ಇದು ಎಂಬಂತೆ ನೋಡಿದಳು.
ಏನೂ ಅನ್ನಲಿಲ್ಲ.

ಹೊರಡುವಾಗ ಐಲೀ ಒಂದು ಕಂಬಳಿ ಎತ್ತಿಕೊಂಡಳು, ಬಿಳಿ ಅಂಚಿನದು.
ಮೂರೂವರೆ ಸಾವಿರ.
ಸ್ವಲ್ಪ ಬಿಡಜ್ಜಿ, ಅಂದೆ, ನಮ್ಮ ಬೆಡಗಿನವಳೇ ಆದಳಲ್ಲ.
"ಬೆಡಗು ಬೇರೆ, ಕಂಬಳಿ ಬೇರೆ" ಎಂದು
ನೋಟುಗಳನ್ನು ಬೆಳಕಿಗೆ ಹಿಡಿದು ನೋಡಿ
ಎರಡು ಸಲ ಎಣಿಸಿದಳು.