ಏಳನೇ ವಸ್ತು

ಮೊದಲ ತರಗತಿಯಲ್ಲಿ ಹೇಳಿಕೊಟ್ಟದ್ದು ಇಷ್ಟೇ:
ಕೈ ಜೇಬಿನಲ್ಲಿರಲಿ.
ನೋಡಲು ಬರುವ ತನಕ ಮುಟ್ಟಬೇಡಿ.
ಮುಟ್ಟಿದ್ದು ಅಂಟದೆ ಬಿಡದು,
ನಿಮ್ಮದು ಅದಕ್ಕೆ, ಅದರದು ನಿಮಗೆ.

ಮಿಡಲ್ಸ್‌ಬ್ರೋದ ಹಿಂದಿನ ಬೀದಿ. ಒಂದಕ್ಕೊಂದು
ಹೆಗಲೊತ್ತಿ ನಿಂತ ಕೆಂಪು ಇಟ್ಟಿಗೆಯ ಮನೆಗಳಲ್ಲಿ
ಹದಿನಾಲ್ಕನೆಯದು ನಮ್ಮ ವಿಭಾಗದ್ದು.
ಪ್ರತಿ ಮಂಗಳವಾರ ಅಲ್ಲಿ ಒಬ್ಬರು ಸಾಯುತ್ತಾರೆ,
ಒಮ್ಮೆ ಮೆಟ್ಟಿಲ ಬುಡದಲ್ಲಿ, ಒಮ್ಮೆ ಸ್ನಾನದ ತೊಟ್ಟಿಯಲ್ಲಿ.
ರಬ್ಬರಿನ ಹೆಣ. ರಕ್ತಕ್ಕೆ ಬೀಟ್‌ರೂಟಿನ ವಾಸನೆ.

ಕೊಲೆ ಹೂಡುವವರು ಮಿಸ್ಟರ್ ಸ್ಟಾಬರ್ಟ್, ಲ್ಯಾಬ್ ಸಹಾಯಕರು.
ಉಕ್ಕಿನ ಕಾರ್ಖಾನೆ ಮುಚ್ಚುವ ತನಕ ಕುಲುಮೆಯ ಮುಂದಿದ್ದವರು.
ಈಗ ನಮಗಾಗಿ ಕಿಟಕಿ ಒಡೆಯುತ್ತಾರೆ,
ಒಳಗಿನಿಂದಲೋ ಹೊರಗಿನಿಂದಲೋ ನಾವು ಹೇಳಬೇಕು.
ಆಮೇಲೆ ಗಾಜು ಗುಡಿಸುವುದೂ ಅವರೇ,
ಬಲಗೈಯಲ್ಲಿ ಪೊರಕೆ, ಬಾಯಲ್ಲಿ ಏನೂ ಇಲ್ಲ.

ಕಾಗದದ ಬಿಳಿ ದಿರಿಸಿನೊಳಗೆ ನಾವು ಸರಬರ ಸರಬರ.
ಹಫ್ಸಾ ಅಳೆಯುತ್ತಾಳೆ. ಕ್ಯಾಲಮ್ ನಕ್ಷೆ ಬರೆಯುತ್ತಾನೆ,
ಉತ್ತರ ಯಾವ ಕಡೆ ಎಂದು ಗುರುತು ಹಾಕಲು ಮರೆಯುತ್ತಾನೆ.
ಚಿಮಟ ಹಿಡಿದವಳು ನಾನು.

ಒಂದನೇ ವಸ್ತು, ಚಹಾದ ಕಪ್ಪು. ಹಿಡಿ ಎಡಕ್ಕೆ.
ಮೂರು, ಕನ್ನಡಕ; ಸಡಿಲಾದ ಕಾಲಿಗೆ ಹೊಲಿಗೆಯ ದಾರ ಸುತ್ತಿದ್ದು.
ಆರು, ಕತ್ತರಿ. ನನ್ನ ಬೆರಳು ಅದರಲ್ಲಿ ಕೂರಲಿಲ್ಲ,
ಎಡಚರ ಕತ್ತರಿ.
ಏಳು, ಹಸಿರು ಉಣ್ಣೆಯ ಕಾರ್ಡಿಗನ್. ಎಡ ಮೊಣಕೈ ಸವೆದು ತೇಪೆ.

ಹೋದ ವಾರ ಸತ್ತದ್ದು ಅಂಗಡಿಯವನು.
ಅವನ ಕಪ್ಪಿನ ಹಿಡಿಯೂ ಎಡಕ್ಕೇ ಇತ್ತು.
ಅದರ ಹಿಂದಿನ ವಾರ ನರ್ಸು. ಅವಳದೂ.
ಸತ್ತವರು ಬದಲಾಗುತ್ತಾರೆ, ಕೊಂದವರೂ.
ಕಪ್ಪು ಇಡುವ ಕೈ ಮಾತ್ರ
ಎದುರು ಕೂತವರು ಯಾರೆಂದು ಮರೆತಿಲ್ಲ.

ಕಾರ್ಡಿಗನ್ನಿನ ಕೊರಳಲ್ಲಿ ಒಂದು ಕೂದಲು.
ಸೂಕ್ಷ್ಮದರ್ಶಕದ ಕೆಳಗೆ ಬುಡ ಗುಂಡಗೆ:
ಯಾರೂ ಎಳೆದದ್ದಲ್ಲ, ತಾನಾಗಿ ಉದುರಿದ್ದು.
ತುದಿಯ ಕಡೆಯಿಂದ ಕಂದು, ಅಂಗಡಿಯ ಬಣ್ಣ.
ಬುಡದಿಂದ ಒಂಬತ್ತು ಸೆಂಟಿಮೀಟರು ಬಿಳಿ.
ತಿಂಗಳಿಗೆ ಒಂದು ಸೆಂಟಿಮೀಟರು, ಹೆಚ್ಚು ಕಡಿಮೆ,
ಪುಸ್ತಕ ಹೇಳುತ್ತದೆ.
ಒಂಬತ್ತು ತಿಂಗಳು ಇವಳು
ಕನ್ನಡಿಯ ಮುಂದೆ ಬಣ್ಣದ ಬಟ್ಟಲು ಹಿಡಿದು ನಿಂತಿಲ್ಲ.
ನಿಲ್ಲಲು ಆಗಿಲ್ಲ.
ಅಥವಾ ಸಾಕು ಅನ್ನಿಸಿತು.
ಕೂದಲು ಅಷ್ಟು ಹೇಳುವುದಿಲ್ಲ.
ಊಹೆ ವರದಿಗೆ ಸಲ್ಲದು.

ಸಂಜೆ ಎಲ್ಲವನ್ನೂ ವಾಪಸು ಒಪ್ಪಿಸಬೇಕು.
ಫಾರಮ್ಮಿನಲ್ಲಿ ಎರಡೇ ಕಲಂ: ಯಾರಿಂದ, ಯಾರಿಗೆ.
ನನ್ನ ಹೆಸರು ಬರೆದೆ. ಅವರು ಅವರದು ಬರೆದರು,
ಎಂದಿನ ಹಾಗೆ ದೊಡ್ಡ ಅಕ್ಷರದಲ್ಲಿ, ಪೆನ್ನನ್ನು ಒತ್ತಿ.
ಕೇಳಬೇಕಿದ್ದ ಪ್ರಶ್ನೆ ನನ್ನ ಮಾಸ್ಕಿನೊಳಗೇ ಬಿಸಿಯಾಗಿ
ಕನ್ನಡಕದ ಮೇಲೆ ಮಂಜು ಕಟ್ಟಿತು.
ಅವರು ಚೀಲ ಎತ್ತಿ ನೋಡಿದರು.
ನನ್ನ ಟೇಪು ಒಂದು ಮೂಲೆಯಲ್ಲಿ ಎದ್ದಿತ್ತು.
‘ಬಾಯಿ ಸರಿಯಾಗಿ ಮುಚ್ಚಮ್ಮಾ,’ ಎಂದರು,
‘ಉಣ್ಣೆ. ನುಸಿ ಹೊಕ್ಕೀತು.’

ವರದಿಗೆ ಹತ್ತಕ್ಕೆ ಎಂಟು.
ಕೂದಲಿನ ಪ್ಯಾರಾದ ಪಕ್ಕ ಕೆಂಪು ಶಾಯಿ:
ಗಮನ ಒಳ್ಳೆಯದು. ಘಟನೆಗೆ ಸಂಬಂಧವಿಲ್ಲ.

ಮುಂದಿನ ಮಂಗಳವಾರವೂ ಒಬ್ಬರು ಸತ್ತರು.
ಗ್ಯಾಸಿನ ಒಲೆಯ ಪಕ್ಕ, ಮುಖ ಕೆಳಗಾಗಿ.
ಮೈಮೇಲೆ ಹೊಸ ಸ್ವೆಟರು, ಸೂಪರ್‌ಮಾರ್ಕೆಟ್ಟಿನದು,
ಬೆಲೆಯ ಚೀಟಿ ಕಿತ್ತಿರಲಿಲ್ಲ.
ಹನ್ನೆರಡು ಪೌಂಡು, ಎಂದು ಹಫ್ಸಾ ಓದಿ ಹೇಳಿದಳು.
ನಾನು ಬರೆದುಕೊಂಡೆ.
ಕಪ್ಪು ಮಾತ್ರ ಅದೇ.
ಹಿಡಿ ಯಾವ ಕಡೆ ಎಂದು ಕ್ಯಾಲಮ್ ಕೇಳಿದ.