ಬ್ಯಾಂಕಾಕಿಗೆ ಇಳಿಯುವ ನಾಲ್ಕು ದಾರಿ

ಪೇಂಟ್ ಡಬ್ಬದ ಮುಚ್ಚಳದ ಕೆಳಗೆ ಟೋಕನ್ನು ಇರುತ್ತೆ.
ಮೂರು ವರ್ಷ ನಮ್ಮವರು ತಂದದ್ದನ್ನೆಲ್ಲ
ಹಾರ್ಲಿಕ್ಸ್ ಬಾಟಲಿಗೆ ತುಂಬಿ ಎಣಿಸಿದವಳು ನಾನು.
ವಿನೋಬನಗರದ ಅರ್ಧ ಗೋಡೆ ಬಳಿದು ಮುಗಿದ ಮೇಲೆ
ಕಂಪನಿಯವರ ಫೋನು:
ತಿರ್ಕಪ್ಪನವರೇ, ಬ್ಯಾಂಕಾಕು. ಒಬ್ಬರಿಗೆ.

ದುರ್ಗಿಗುಡಿಯ ಜೆರಾಕ್ಸ್ ಅಂಗಡಿಯ ನಸ್ರೀನ್
ಹಾಳೆಯೊಂದು ತೆಗೆದುಕೊಟ್ಟಳು,
ವಿಮಾನ ಇಳಿದವರು ಊರೊಳಗೆ ಹೋಗುವ ಬಗೆ.
ಹಾಳೆಗೆ ಐದು ರೂಪಾಯಿ.
ಓದಿ ಹೇಳಿದ್ದಕ್ಕೆ ಏನೂ ತಗೊಳ್ಳಲಿಲ್ಲ.

ರಾತ್ರಿ ಅವರು ಟರ್ಪಂಟೈನಿನಲ್ಲಿ ಕೈ ಉಜ್ಜುತ್ತಿದ್ದರು,
ನಾನು ನೆನಪಿದ್ದಷ್ಟು ಹೇಳುತ್ತ ಹೋದೆ.

ಒಂದು, ಕಂಬದ ಮೇಲೆ ಓಡುವ ರೈಲು.
ಕೆಳಗಿನವರ ತಾರಸಿ, ಒಣಹಾಕಿದ ಬಟ್ಟೆ, ಎಲ್ಲಾ ಕಾಣುತ್ತಂತೆ.
ಬೇಡ, ಅಂದರು.
ಗೋಡೆ ನೋಡಿ ನೋಡಿ ಸಾಕಾಗಿದೆ, ಇನ್ನು ತಾರಸಿ ಬೇರೆ.

ಟ್ಯಾಕ್ಸಿ. ಮೀಟರು ಹಾಕಿ ಅನ್ನಬೇಕಂತೆ.
ನಮ್ಮ ಸ್ಟೇಷನ್ನಿನ ಆಟೋದವರಿಗೇ
ಇವತ್ತಿನವರೆಗೆ ಅನ್ನೋಕಾಗಿಲ್ಲ,
ಅಲ್ಲಿ ಯಾವ ಭಾಷೆಯಲ್ಲಿ ಅನ್ನೋದು?

ಬಸ್ಸು ಅಗ್ಗ. ಬಸ್ಸಿನ ವಿಷಯ ನನಗೆ ಗೊತ್ತು.
ಶಿವಮೊಗ್ಗಕ್ಕೆ ಮೊದಲು ಬಂದ ದಿನ
ಆಯನೂರು ಗೇಟನ್ನೇ ಊರು ಅಂದುಕೊಂಡು
ಕುಕ್ಕರು, ಹಾಸಿಗೆ ಸುರುಳಿ ಸಮೇತ ಇಳಿದುಬಿಟ್ಟಿದ್ದೆ.
ಕಂಡಕ್ಟರು ತಲೆ ಹೊರಗೆ ಹಾಕಿ
'ಅಮ್ಮಾ, ಊರು ಇನ್ನೂ ಬಂದಿಲ್ಲ' ಅಂದ.
ಈಗಲೂ ಒಮ್ಮೊಮ್ಮೆ ಬಂದಿಲ್ಲ ಅನಿಸುತ್ತೆ.

ಕೊನೆಯದು ದೋಣಿ.
ಅರ್ಧ ದಾರಿ ರೈಲಲ್ಲಿ ಬಂದು ಕಾಲುವೆಗೆ ಇಳಿಯಬೇಕು.
ಕಪ್ಪು ನೀರಂತೆ. ಸಿಡಿದರೆ
ಪಕ್ಕದ ಟಾರ್ಪಾಲು ಎಳೆದುಕೊಳ್ಳಬೇಕಂತೆ, ಎಲ್ಲರೂ ಸೇರಿ.
ಕಾಣೋದೆಲ್ಲ ಮನೆಗಳ ಹಿತ್ತಲು,
ಪಾತ್ರೆ ತಿಕ್ಕೋರು, ಹಲ್ಲುಜ್ಜೋರು,
ಯಾರೂ ಬಣ್ಣ ಬಳಿಸದ ಆ ಕಡೆಯ ಗೋಡೆ.
ಇದರಲ್ಲೇ ಹೋಗಿ, ಅಂದೆ.
ಆಯ್ತು, ಅಂದರು.
ಹಾಳೆ ಮಡಿಸಿ ಹೊಸ ಅಂಗಿಯ ಜೇಬಿಗಿಟ್ಟೆ.

ಐದು ದಿನ ನಾನು ದೋಣಿಯಲ್ಲೇ ಇದ್ದೆ.
ನಲ್ಲಿ ಹತ್ತಿರ ಗಿರಿಜವ್ವನ ಜೊತೆ ಜಗಳವಾಡುವಾಗಲೂ
ಒಂದು ಕೈ ಟಾರ್ಪಾಲಿನ ಮೇಲಿತ್ತು.

ಬೆಳಗಿನ ಜಾವ ಸೂಟ್‌ಕೇಸಿನ ಗಾಲಿ
ಬೀದಿಯ ನಾಯಿಗಳನ್ನೆಲ್ಲ ಎಬ್ಬಿಸಿತು.
ಆಟೋದವನು ಇನ್ನೂರು ಕೇಳಿದನಂತೆ,
ಸ್ಟೇಷನ್ನಿನಿಂದ ನಡೆದೇ ಬಂದಿದ್ದರು.

ಹೇಗಿತ್ತು ದೋಣಿ?
ಕಂಪನಿ ಬಸ್ಸು ಬಂದಿತ್ತು ಕಣೇ, ಎಸಿ.
ಹತ್ತಿದ್ದೇ ನಿದ್ದೆ. ಕಣ್ಣು ಬಿಟ್ಟರೆ ಹೋಟೆಲು.

ಮತ್ತೆ ಏನು ನೋಡಿದ್ರಿ?
ಚಪ್ಪಲಿ ಬಿಡುತ್ತ ಸ್ವಲ್ಪ ಹೊತ್ತು ಯೋಚಿಸಿದರು.
ರೂಮಿಗೆ ಪಿಸ್ತಾ ಹಸಿರು, ಎರಡು ಕೋಟು.
ಕಿಟಕಿ ಮೂಲೆಯಲ್ಲಿ ಪುಟ್ಟಿ ಸರಿಯಾಗಿ ಕೂತಿಲ್ಲ.