ವಾದಿ ಪರ ಸಾಕ್ಷಿ ಮೂರು

ಹೊಸನಗರದ ಕೋರ್ಟಿನಲ್ಲಿ ನನಗೊಂದು ನಂಬರು.
ಹೆಸರು ಕೂಗಿದ ಜವಾನನಿಗೆ ಶೀತ;
ಮಾನವಶಾಸ್ತ್ರಜ್ಞೆ ಎಂಬುದು ಅವನ ಮೂಗಿನಲ್ಲಿ
ಮಾನಶಾಸ್ತ್ರಜ್ಞೆಯಾಯಿತು. ಯಾರೂ ನಗಲಿಲ್ಲ.

ಸತ್ಯವನ್ನೇ ಹೇಳುತ್ತೇನೆ ಎಂದೆ.
ಯಾವುದನ್ನು ಎಂದು ಯಾರೂ ಕೇಳಲಿಲ್ಲ.

ಹಿಂದಿನ ಬೆಂಚಿನಲ್ಲಿ ದುಗ್ಗಿ, ವಾದಿ.
ಯಾರೂ ಹೇಳದಿದ್ದರೂ
ಚಪ್ಪಲಿ ಬಾಗಿಲಲ್ಲೇ ಬಿಟ್ಟು ಬಂದಿದ್ದಳು.
ದಾವೆ ಇಷ್ಟೇ: ಅಕ್ಕನನ್ನು ಹೂತ ಕಡೆ
ಅವಳು ನಿಲ್ಲಿಸಿದ ಮೊಣಕಾಲೆತ್ತರದ ಕಲ್ಲನ್ನು
ಇಲಾಖೆಯವರು ಕಿತ್ತು, ಜೀಪಿಗೆ ಹಾಕಿ,
ರೇಂಜ್ ಆಫೀಸಿನ ಅಂಗಳದಲ್ಲಿಟ್ಟಿದ್ದಾರೆ,
ಮುಟ್ಟುಗೋಲಾದ ನಾಟಾದ ಪಕ್ಕ,
ಬಿಳಿ ಬಣ್ಣದಲ್ಲಿ ನಂಬರು ಬರೆದು.
ಕಲ್ಲು ವಾಪಸು ಬೇಕು. ಇನ್ನು ಕೀಳಬಾರದು.

ಅವಳ ಜನದ ಹೆಸರು ದಾವೆಯ ಕಾಗದದಲ್ಲಿ
ಮೂರು ಬಗೆಯ ಕಾಗುಣಿತದಲ್ಲಿದೆ.
ಮೂರನೆಯದು ನನ್ನದು. ಅದೂ ತಪ್ಪು.

"ಇದು ರೂಢಿಯೋ?"
ರೂಢಿ ಎಂದರೆ, ಸ್ವಾಮಿ…
"ಹೌದು ಅಥವಾ ಇಲ್ಲ ಅನ್ನಿ."
ಹೌದು.
"ಪ್ರಾಚೀನವೋ?"
ಹೌದು.
"ನಿರಂತರವೋ?"
ಟೈಪಿಸ್ಟಿನ ಬೆರಳು ನಿಂತು ನನ್ನ ಬಾಯಿ ನೋಡಿತು.

ಅರವತ್ನಾಲ್ಕರಲ್ಲಿ ಶರಾವತಿಗೆ ಕಟ್ಟೆ ಬಿದ್ದಾಗ
ಗದ್ದೆಗೆ, ಮನೆಗೆ, ತೆಂಗಿನ ಮರಕ್ಕೆ
ಪರಿಹಾರದ ಪಟ್ಟಿ ಬಂತು.
ಸತ್ತವರ ಕಲ್ಲುಗಳಿಗೆ ಬರಲಿಲ್ಲ.
ಅವು ನೀರಿನಡಿ ನಿಂತೇ ಇವೆ, ನಿರಂತರ.
ಇಷ್ಟನ್ನೂ ಹೇಳಿದೆ. ಟೈಪಾದದ್ದು:
"ನಡುವೆ ತಡೆ ಉಂಟಾಗಿರುವುದು ನಿಜ."

ಸರ್ಕಾರಿ ವಕೀಲರು ಎದ್ದರು.
ಕೈಯಲ್ಲಿ ನನ್ನದೇ ಪ್ರಬಂಧ, ಹಸಿರು ರಟ್ಟು,
ಇಪ್ಪತ್ತೇಳರ ಹರೆಯದಲ್ಲಿ ಬೈಂಡು ಮಾಡಿಸಿದ್ದು.
"ನೂರಾ ಹನ್ನೆರಡನೇ ಪುಟ. ನೀವೇ ಓದಿ, ಮೇಡಂ."
ಓದಿದೆ:
'ಇವರಲ್ಲಿ ಶವಕ್ಕೆ ನಿಶ್ಚಿತ ಸ್ಥಳವಿಲ್ಲ.
ಸತ್ತಲ್ಲಿ ಹೂಳುತ್ತಾರೆ. ಗುರುತು ಇಡುವುದಿಲ್ಲ.'
"ನಿಮ್ಮ ಬರಹವೇ?"
ನನ್ನದೇ.
"ಆಗ ಸುಳ್ಳೋ, ಈಗ ಸುಳ್ಳೋ?"

ಆ ವಾಕ್ಯದ ಸಂಜೆ ನೆನಪಿದೆ.
ಇಂಬಳ ಕಚ್ಚಿದ ಕಾಲಿಗೆ ಸುಣ್ಣ ಮೆತ್ತಿಕೊಂಡು
ದುಗ್ಗಿಯ ಮಾವ ಕೊಲ್ಲನ ಮುಂದೆ ಕೂತು
ಸತ್ತವರು ಎಲ್ಲಿ ಎಂದು ಕೇಳಿದ್ದೆ.
ಅವನು ಇಡೀ ಕಾಡಿನ ಮೇಲೆ ಕೈಯಾಡಿಸಿ
"ಎಲ್ಲಾ ಕಡೆ" ಅಂದಿದ್ದ.
ನಾನದನ್ನು ಎಲ್ಲೂ ಇಲ್ಲ ಎಂದು ಬರೆದುಕೊಂಡೆ.
ಪದವಿ ಬಂತು.

ಊಟದ ಬಿಡುವು. ನೇರಳೆ ಮರದಡಿ ದುಗ್ಗಿ
ಡಬ್ಬಿ ಬಿಚ್ಚಿ, ಅರ್ಧ ರೊಟ್ಟಿ ಕೊಟ್ಟು ಅಂದಳು:
"ಮಾವ ಬೇಕಂತ್ಲೇ ಹಂಗೆ ಹೇಳಿದ್ದು.
ಅವತ್ತು ನೀವು ಯಾರ ಕಡೆಯೋರು ಅಂತ
ನಮಗೇನು ಗೊತ್ತು? ಬರ್ಕಳ್ತಿದ್ರಿ.
ಬರ್ಕಳೋರು ಬಂದು ಹೋದ ಮೇಲೇ ಅಲ್ವಾ
ನೀರು ಬಂದಿದ್ದು?"
ಉಪ್ಪಿನಕಾಯಿ ಬೇಕಾ ಎಂದೂ ಕೇಳಿದಳು.

ಮತ್ತೆ ಕಟಕಟೆ. "ಸ್ಥಳ ನಿಶ್ಚಿತವಿದ್ದರೆ
ಉಳಿದ ಕಲ್ಲುಗಳೆಲ್ಲಿ? ಸರ್ವೆ ನಂಬರು ಹೇಳಿ."
ಹೇಳಬಲ್ಲೆ. ಕಳೆದ ತಿಂಗಳು ಅವಳೇ ತೋರಿಸಿದಳು:
ಹೆಬ್ಬಲಸಿನ ಬುಡ, ಪಾಚಿ, ಹನ್ನೊಂದು ಕಲ್ಲು,
ಒಂದು ತೀರಾ ಚಿಕ್ಕದು,
ಅದರ ಬಗ್ಗೆ ನಾನು ಕೇಳಲಿಲ್ಲ.
ಹೇಳಿದರೆ ರೂಢಿ ಗೆಲ್ಲುತ್ತದೆ,
ಜೀಪಿಗೆ ದಾರಿಯೂ ಸಿಗುತ್ತದೆ.
ಹೇಳದಿದ್ದರೆ ನೂರಾ ಹನ್ನೆರಡನೇ ಪುಟವೇ ನಿಜ.
ತಿರುಗಿ ನೋಡಿದೆ. ದುಗ್ಗಿ
ತನ್ನ ಚಪ್ಪಲಿಯನ್ನು ಕಾಯುತ್ತಿದ್ದಳು.

"ಮುಳುಗಿದವನ್ನು ತೋರಿಸುತ್ತೇನೆ," ಅಂದೆ.
"ಮೇ ತಿಂಗಳಲ್ಲಿ ಹಿನ್ನೀರು ಇಳಿದರೆ
ಕೆಸರಿನಲ್ಲಿ ಸಾಲಾಗಿ ಏಳುತ್ತವೆ.
ಕೋರ್ಟೇ ಬಂದು ಎಣಿಸಲಿ."
ನ್ಯಾಯಾಧೀಶರು ಕ್ಯಾಲೆಂಡರು ತಿರುವಿದರು.
ಮೇ ತಿಂಗಳು ಕೋರ್ಟಿಗೆ ಬೇಸಿಗೆ ರಜೆ.
ಜೂನ್ ಹದಿನೆಂಟಕ್ಕೆ ಮುಂದೂಡಿದರು.
ಅಷ್ಟರಲ್ಲಿ ಆಗುಂಬೆ ಕಡೆಯಿಂದ ಮಳೆ ಬಂದಿರುತ್ತದೆ.

ಸಾಕ್ಷಿಯ ಬತ್ತೆ, ಬಸ್ ಚಾರ್ಜು ಸೇರಿ ನೂರಾ ಎಂಬತ್ತು.
ಸಹಿ ಹಾಕಿ ತೆಗೆದುಕೊಂಡೆ.

ಬಸ್‌ಸ್ಟ್ಯಾಂಡಿಗೆ ಹೋಗುವಾಗ ರೇಂಜ್ ಆಫೀಸು.
ತಂತಿಬೇಲಿಯಾಚೆ, ನಾಟಾದ ಪಕ್ಕ, ಅಕ್ಕ.
ದುಗ್ಗಿ ನಿಂತಳು. ಚಪ್ಪಲಿ ಬಿಟ್ಟಳು.
ಉಳಿಸಿಟ್ಟಿದ್ದ ರೊಟ್ಟಿಯ ಚೂರನ್ನು
ತಂತಿಯ ಮೇಲಿಂದ ಎಸೆದಳು.

ಇದೂ ರೂಢಿಯೇ ಎಂಬ ಮಾತು
ನಾಲಿಗೆ ತುದಿಗೆ ಬಂತು. ಕೇಳಲಿಲ್ಲ.
ಬಸ್ಸಿಗಿನ್ನೂ ಹತ್ತು ನಿಮಿಷವಿತ್ತು.